ನಕ್ಷತ್ರದ ದೂರವನ್ನು ಅಳೆದ ಗುಮಾಸ್ತ

ಕನ್ನಡ ಪಾಠ ಹೇಳುವ ನನಗೆ ಖಗೋಳಜ್ಞ ಫ್ರೆಡ್ರಿಕ್ ಬೆಸೆಲ್ಲನ ಬಾಳು ಪ್ರಿಯವಾದದ್ದು ಅವನ ಗಣಿತದಿಂದಲ್ಲ, ಲೆಕ್ಕದಲ್ಲಿ ಅವನಿಗಿದ್ದ ಪ್ರಾಮಾಣಿಕತೆಯಿಂದ.

1784ರಲ್ಲಿ ಜರ್ಮನಿಯ ಮಿಂಡೆನ್‌ನಲ್ಲಿ ಜನಿಸಿದ ಈತ ಹದಿನಾಲ್ಕರ ಎಳವೆಯಲ್ಲಿಯೇ ಶಾಲೆ ತೊರೆದು ಬ್ರೆಮೆನ್ ನಗರದ ವರ್ತಕರ ಮಳಿಗೆ ಸೇರಿದನು. ಹಗಲು ಲೆಕ್ಕಪತ್ರ, ಇರುಳು ಓದು. ಸರಕಿನ ಹಡಗಿನಲ್ಲಿ ದೂರದೇಶ ಕಾಣುವ ಹಂಬಲ ಅವನನ್ನು ನೌಕಾಯಾನದ ಗಣಿತಕ್ಕೆಳೆಯಿತು; ಆ ಗಣಿತ ಆಕಾಶಕ್ಕೆ ಕರೆದೊಯ್ದಿತು. 1804ರಲ್ಲಿ ಅವನು ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು ಗಣಿಸಿದ್ದನ್ನು ಕಂಡು ವೈದ್ಯನೂ ಖಗೋಳಜ್ಞನೂ ಆದ ಓಲ್ಬರ್ಸ್ ಬೆರಗಾದನು. 1806ರಲ್ಲಿ ಬೆಸೆಲ್ ಹೆಚ್ಚಿನ ಸಂಬಳವನ್ನು ಬಿಟ್ಟು ವೀಕ್ಷಣಾಲಯವೊಂದರ ಸಹಾಯಕನಾದನು. 1810ರಿಂದ ಕೊನೆಯವರೆಗೂ ಕೋನಿಗ್ಸ್‌ಬರ್ಗ್ ಅವನ ಕಾರ್ಯಕ್ಷೇತ್ರವಾಯಿತು. ಆ ಊರು ಇಂದು ರಷ್ಯದ ಕಲಿನಿನ್‌ಗ್ರಾಡ್.

ದಾರಿಯಲ್ಲಿ ನಡೆಯುವವನಿಗೆ ಹತ್ತಿರದ ಮರ ದೂರದ ಬೆಟ್ಟದೆದುರು ಸರಿದಂತೆ ಕಾಣುವುದಷ್ಟೆ. ಭೂಮಿ ಸೂರ್ಯನನ್ನು ಸುತ್ತುವುದಾದರೆ ಹತ್ತಿರದ ನಕ್ಷತ್ರವೂ ಹಾಗೆಯೇ ಸರಿಯಬೇಕು. ಕೊಪರ್ನಿಕಸ್ಸನ ಗ್ರಂಥ ಹೊರಬಂದದ್ದು 1543ರಲ್ಲಿ. ಅಲ್ಲಿಂದ ಸುಮಾರು ಮುನ್ನೂರು ವರ್ಷ ಆ ಸರಿತ ಯಾರ ಅಳತೆಗೂ ಖಚಿತವಾಗಿ ಸಿಕ್ಕಿರಲಿಲ್ಲ. ಬೆಸೆಲ್ ಆರಿಸಿಕೊಂಡದ್ದು ಹೊಳೆಯುವ ತಾರೆಯನ್ನಲ್ಲ. ಹಂಸಪುಂಜದ ಮಸುಕಾದ 61ನೆಯ ತಾರೆಯನ್ನು. ಅದರ ನಿಜಚಲನೆ ವೇಗವಾದುದು, ಆದುದರಿಂದ ಅದು ಸಮೀಪದ್ದೇ ಇರಬೇಕೆಂಬುದು ಅವನ ತರ್ಕ. ಒಂದು ವರ್ಷಕ್ಕೂ ಮೇಲ್ಪಟ್ಟು ಅದನ್ನು ನೋಡಿ, 1838ರಲ್ಲಿ ಫಲವನ್ನು ಪ್ರಕಟಿಸಿದನು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ, ಅಂಥ ಒಂದು ಪಾಲಿನ ಮೂರನೆಯ ಒಂದಂಶಕ್ಕೂ ಕಿರಿದಾದ ಕೋನ! ಅದರಿಂದ ಬಂದ ದೂರ ಸುಮಾರು 10.3 ಜ್ಯೋತಿರ್ವರ್ಷ, ಇಂದಿನ ಲೆಕ್ಕದಲ್ಲಿ 11.4.

ಇಷ್ಟು ಸೂಕ್ಷ್ಮವನ್ನು ಹಿಡಿದದ್ದು ಕಣ್ಣಿನ ಚುರುಕೊಂದೇ ಅಲ್ಲ. ಎಷ್ಟೇ ಒಳ್ಳೆಯ ಉಪಕರಣದಲ್ಲಿಯೂ ದೋಷವುಂಟೆಂದು ಅವನು ಮೊದಲೇ ಒಪ್ಪಿ, ಆ ದೋಷವನ್ನೇ ಅಳೆದು ಕಳೆಯುತ್ತಿದ್ದನು. ಒಂದೇ ಕ್ಷಣವನ್ನು ಇಬ್ಬರು ವೀಕ್ಷಕರು ಬೇರೆ ಬೇರೆಯಾಗಿ ಗುರುತಿಸುವರೆಂಬುದನ್ನೂ ಲೆಕ್ಕಕ್ಕೆ ತಂದನು. ಮಳಿಗೆಯ ಗುಮಾಸ್ತ ಅವನೊಳಗೆ ಕಡೆಯವರೆಗೂ ಎಚ್ಚರವಾಗಿದ್ದನೆಂದೇ ನನ್ನ ಭಾವನೆ.

ಲುಬ್ಧಕ ನಕ್ಷತ್ರದ ನಡೆ ತುಸು ತೊನೆಯುವುದನ್ನು ಕಂಡು, ಅದಕ್ಕೆ ಕಾಣದ ಜೊತೆಗಾರನೊಬ್ಬನಿರುವನೆಂದು 1844ರಲ್ಲಿ ಸಾರಿದನು. 1846ರಲ್ಲಿ ತೀರಿಕೊಂಡನು. ಆ ಜೊತೆಗಾರ ದೂರದರ್ಶಕಕ್ಕೆ ಕಂಡದ್ದು 1862ರಲ್ಲಿ; ಅದು ಉರಿದು ಮುಗಿದ ನಕ್ಷತ್ರದ ಶೇಷ, ಶ್ವೇತಕುಬ್ಜ.

ಅದಕ್ಕಿಂತಲೂ ವಿಚಿತ್ರವಾದ ಶೇಷಗಳು ನ್ಯೂಟ್ರಾನ್ ತಾರೆಗಳು. ಅವುಗಳಲ್ಲಿಯೂ ಪ್ರಚಂಡ ಕಾಂತಕ್ಷೇತ್ರವುಳ್ಳ ಮ್ಯಾಗ್ನೆಟಾರ್ ಒಂದರ ದೂರ, ಸುಮಾರು 8,100 ಜ್ಯೋತಿರ್ವರ್ಷ, 2020ರಲ್ಲಿ ಪ್ರಕಟವಾಯಿತು. ಅಲ್ಲಿ ಮಸೂರದ ಬದಲು ದೂರದೂರ ನೆಲೆಸಿದ ರೇಡಿಯೋ ದೂರದರ್ಶಕಗಳು ಕೂಡಿ ದುಡಿದವು. ಉಪಾಯ ಮಾತ್ರ ಬೆಸೆಲ್ಲನದೇ: ಭೂಮಿಯ ಕಕ್ಷೆಯ ಅತ್ತಣ ದಡದಿಂದೊಮ್ಮೆ, ಇತ್ತಣ ದಡದಿಂದೊಮ್ಮೆ ನೋಡುವುದು, ತನ್ನ ತಪ್ಪನ್ನು ಮೊದಲು ಕಳೆಯುವುದು.