ವಿದ್ಯಾರ್ಥಿ, ಆತ್ಮಸಾಕ್ಷಿ ಮತ್ತು ಮನೆತನ: ಹರ್ಮನ್ ಮೊಗ್ಲಿಂಗ್ ಬದುಕಿನ ಒಂದು ಮಗ್ಗುಲು

ಹರ್ಮನ್ ಮೊಗ್ಲಿಂಗ್ (1811-1881) ಅವರನ್ನು ಕುರಿತ ಕನ್ನಡದ ಅಧ್ಯಯನಗಳು ಹೆಚ್ಚಾಗಿ 1843ರ ‘ಮಂಗಳೂರ ಸಮಾಚಾರ’ ಹಾಗೂ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯ ಸುತ್ತಲೇ ನಡೆದಿವೆ. ಅವರು ಮೊದಲಿಗೆ ಉಪಾಧ್ಯಾಯರೆಂಬುದು ಹಿನ್ನೆಲೆಗೆ ಸರಿದಿದೆ. ಅವರ ನೈತಿಕ ಚಿಂತನೆ ನಿಜವಾದ ಪರೀಕ್ಷೆಗೆ ಒಳಗಾದದ್ದು ಮಾತ್ರ ತರಗತಿಯಲ್ಲಿಯೇ.

ಟ್ಯೂಬಿಂಗನ್ನಿನಲ್ಲಿ ದೈವಜ್ಞಾನವನ್ನು ಓದಿದ ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನ ಭಕ್ತಿಪರ ಪ್ರಾಟೆಸ್ಟೆಂಟ್ ಪರಂಪರೆ ಅವರಿಗೆ ಕಲಿಸಿದ್ದು ಒಂದು ಮುಖ್ಯ ಸಂಗತಿ: ಪಾಪವಿರುವುದು ಆಚಾರದ ಲೋಪದಲ್ಲಲ್ಲ, ಹೃದಯದಲ್ಲಿ, ದೇವರೆದುರು ಪ್ರತಿಯೊಬ್ಬನೂ ಒಂಟಿಯಾಗಿಯೇ ಉತ್ತರ ಹೇಳಬೇಕು. ಕುಲ, ಬಂಧುಬಳಗ, ಹಿರಿಯರ ಮಾತು ಇವೇ ನೀತಿಯ ನೆಲೆಯಾಗಿದ್ದ ಮನೆಗಳಿಂದ ಬಂದ ಹುಡುಗರಿಗೆ ಈ ‘ಒಂಟಿತನ’ ಹೊಸದು. ಅದರ ಆಕರ್ಷಣೆಯೂ ಅಪಾಯವೂ ಅಲ್ಲಿಯೇ ಇತ್ತು.

1844ರ ಜನವರಿಯಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲಿ 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯ ಒಬ್ಬರು. ಊರು ಕೆರಳಿತು, ಪೋಷಕರ ಕಣ್ಣಿನಲ್ಲಿ ಶಾಲೆ ಶಂಕಾಸ್ಪದವಾಯಿತು. ಆನಂದರಾಯರ ಪತ್ನಿ ಲಕ್ಷ್ಮಿ ಅವರೊಡನೆ ಬಾಳಲು ಬರಲಿಲ್ಲ. ಇದನ್ನು ಸತ್ಯಕ್ಕಾಗಿ ತೆತ್ತ ಬೆಲೆಯೆಂದಷ್ಟೇ ಬಣ್ಣಿಸುವ ಮಿಶನ್ ಕಥನವಾಗಲಿ, ಆಮಿಷದ ಮತಾಂತರವೆಂದು ಕೈಬಿಡುವ ಪ್ರತಿಕಥನವಾಗಲಿ ಸಾಲದೆಂದು ನನ್ನ ಅಭಿಪ್ರಾಯ. ಆತ್ಮಸಾಕ್ಷಿಗೆ ಓಗೊಡಲು ಕಲಿಸಿದ ಗುರುವಿನ ಹೊಣೆ ಶಿಷ್ಯ ಓಗೊಟ್ಟ ದಿನಕ್ಕೆ ಮುಗಿಯುವುದಿಲ್ಲ. ಆ ನಿರ್ಧಾರದಲ್ಲಿ ಪಾಲಿಲ್ಲದ ಹೆಣ್ಣೊಬ್ಬಳ ಬದುಕೂ ಅದರ ಲೆಕ್ಕಕ್ಕೆ ಸೇರುತ್ತದೆ.

ಮೊಗ್ಲಿಂಗ್ ಹೊಣೆಯ ಒಂದು ಪಾಲನ್ನಂತೂ ಹೊತ್ತರು. 1846ರಲ್ಲಿ ಶಿಷ್ಯನನ್ನು ಬಾಸೆಲಿಗೆ ಕರೆದೊಯ್ದರು. 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಆನಂದರಾಯರು, 1847ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿದ್ದ ದೈವಜ್ಞಾನ ಶಾಲೆಯಲ್ಲಿ ಮುಂದೆ ತಾವೇ ಅಧ್ಯಾಪಕರಾದರು. ಈ ನಡುವೆ ಮೊಗ್ಲಿಂಗರ ಗಮನ ಕನ್ನಡದ ಗಾದೆಗಳತ್ತ, ದಾಸರ ಪದಗಳತ್ತ, ಬಸವಪುರಾಣದತ್ತ ಹರಿದದ್ದು ಆಕಸ್ಮಿಕವಲ್ಲವೆನಿಸುತ್ತದೆ. ಎದುರಿಗೆ ಕುಳಿತ ಹುಡುಗನ ನೀತಿಪ್ರಜ್ಞೆ ಯಾವ ಮಾತಿನಲ್ಲಿ ಬೆಳೆದಿದೆಯೆಂದು ತಿಳಿಯದೆ ಅವನೊಡನೆ ವಾದಿಸುವುದು ವ್ಯರ್ಥ. ವಿಗ್ರಹಾರಾಧನೆಯನ್ನು ಕಟುವಾಗಿ ಟೀಕಿಸಿದ ಕೈಯೇ ಹರಿದಾಸರನ್ನು ಅಚ್ಚಿಗೆ ಸಿದ್ಧಪಡಿಸಿತು. ಈ ವೈರುಧ್ಯವನ್ನು ಅವರು ಬಗೆಹರಿಸಿಕೊಂಡಂತೆ ತೋರುವುದಿಲ್ಲ.

1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು; 1860ರಲ್ಲಿ ಅವರು ಭಾರತವನ್ನು ಬಿಟ್ಟರು. ಕೊಡಗಿನಲ್ಲಿ ಅವರ ಕಾಲದಲ್ಲಿ ನೆಲೆಗೊಂಡ ಕ್ರೈಸ್ತ ವಸತಿಯ ಹೆಸರು ಆನಂದಪುರ. ಸಾಗರ, ಕಾರ್ಗಲ್ ಸೀಮೆಯವರಿಗೆ ಪರಿಚಿತವಾದ ಆನಂದಪುರ ಬೇರೆ. ಇದು ಶಿಷ್ಯ ಆನಂದರಾಯರ ಹೆಸರನ್ನು ಹೊತ್ತ ಊರು.