ತೊರಪಳ್ಳಿಯಿಂದ ವಾಷಿಂಗ್ಟನ್‌ಗೆ

ರಾಜಾಜಿ ಎಂದೇ ಹೆಸರಾದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದರು. ಆ ಹಳ್ಳಿ ಆಗ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಸೇಲಂನಲ್ಲಿ ವಕೀಲರಾಗಿ ಹೆಸರು ಗಳಿಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ವಕೀಲಿ ತೊರೆದರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಸ್ಥಾಪಿಸಿ, ಬಡ ಹಳ್ಳಿಗರಿಗೆ ಚರಕದಿಂದ ಕೂಲಿ ಒದಗಿಸಿದರು. 1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದಾಗ ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲೇ. 1948ರಲ್ಲಿ ಗವರ್ನರ್ ಜನರಲ್ ಆದರು.

ನೆರೆಯವರ ದುಃಖಕ್ಕೆ ಮರುಗಿದ ಮನಸ್ಸು ದೂರದವರನ್ನೂ ಮರೆಯಲಿಲ್ಲ. ಅಮೆರಿಕ, ರಷ್ಯಾಗಳ ಪೈಪೋಟಿಯ ಅಣುಪರೀಕ್ಷೆಗಳ ವಿಷಧೂಳು ಆ ಜಗಳಕ್ಕೆ ಸೇರದ ಜನರ ಮೇಲೂ ಬೀಳುವುದೆಂಬುದು ಅವರ ಚಿಂತೆ. 1962ರ ಸೆಪ್ಟೆಂಬರಿನಲ್ಲಿ, 83ರ ಇಳಿವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದ ಮುಂದಾಳಾಗಿ ವಾಷಿಂಗ್ಟನ್‌ಗೆ ಹೋಗಿ, ಪರೀಕ್ಷೆ ನಿಲ್ಲಿಸುವಂತೆ ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು. ಜೊತೆಗಿದ್ದವರು ಕನ್ನಡದ ರಂಗನಾಥ ದಿವಾಕರರು, ನಮ್ಮ ನೆರೆಯ ಮಂಗಳೂರಿನ ಬೆನಗಲ್ ಶಿವರಾಯರು.

ಮರುತಿಂಗಳೇ ಕ್ಯೂಬಾ ಬಿಕ್ಕಟ್ಟು ಜಗತ್ತನ್ನು ನಡುಗಿಸಿತು. 1963ರ ಆಗಸ್ಟ್ 5ರಂದು, ನೆಲದಡಿಯ ಪರೀಕ್ಷೆಗಳನ್ನು ಬಿಟ್ಟು ಉಳಿದವನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ಕೇಳಿದ್ದರಲ್ಲಿ ಅರ್ಧ ಕೈಗೂಡಿತ್ತು. ರಾಜಾಜಿ 1972ರ ಡಿಸೆಂಬರ್ 25ರಂದು ತೀರಿಕೊಂಡರು; ಉಳಿದರ್ಧ ಇಂದಿಗೂ ಬಾಕಿಯಿದೆ.