ಅಭಯದಾನದ ಮಹಾರಾಣಿ ಕೆಳದಿ ಚೆನ್ನಮ್ಮಾಜಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧ. ಮೊದಲಿನ ಮೂರನ್ನು ದ್ರವ್ಯವೂ ವಿದ್ಯೆಯೂ ಉಳ್ಳವರು ನಿಶ್ಚಿಂತೆಯಿಂದ ಮಾಡಬಲ್ಲರು. ಆದರೆ ಪ್ರಾಣಭಯದಿಂದ ಬಾಗಿಲಿಗೆ ಬಂದವನಿಗೆ ಅಭಯವನ್ನೀಯುವವರು ತಮ್ಮ ಸರ್ವಸ್ವವನ್ನೂ ಪಣವಾಗಿಡಬೇಕಾಗುತ್ತದೆ. ಮಲೆನಾಡಿನ ಚರಿತ್ರೆಯಲ್ಲಿ ಅಂತಹ ದಾನವನ್ನು ಮಾಡಿ ಅಜರಾಮರಳಾದವಳು ಕೆಳದಿಯ ಚೆನ್ನಮ್ಮಾಜಿ. ಆಕೆ ವೀರಶೈವ ಧರ್ಮದಲ್ಲಿ ಅಚಲ ನಿಷ್ಠೆಯುಳ್ಳವಳು. ಆದರೂ ಆಕೆಯ ದಯಾಗುಣವು ಸರ್ವಮತದವರಿಗೂ ಆದರ್ಶಪ್ರಾಯವಾದುದು.

ಚೆನ್ನಮ್ಮಾಜಿ ಅರಸುಮನೆತನದಲ್ಲಿ ಹುಟ್ಟಿದವಳಲ್ಲ. ಕೋಟಿಪುರದ ವರ್ತಕ ಸಿದ್ದಪ್ಪಶೆಟ್ಟಿಯ ಮಗಳು. ಕೆಳದಿಯ ರಾಮೇಶ್ವರನ ಜಾತ್ರೆಗೆ ಬಂದಿದ್ದ ಈ ಕನ್ಯೆಯ ರೂಪಶೀಲಗಳಿಗೆ ಮನಸೋತು ಸೋಮಶೇಖರ ನಾಯಕನು 1667ರಲ್ಲಿ ಆಕೆಯನ್ನು ವಿಧಿವತ್ತಾಗಿ ವರಿಸಿದನು. ಆಗ ರಾಜಧಾನಿಯು ಬಿದನೂರಿನಲ್ಲಿತ್ತು. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಶೆಟ್ಟಿಯ ಮಗಳು ರಾಣಿಯಾದ ಮೇಲೆ ರಾಜಕಾರ್ಯಗಳನ್ನು ಶ್ರದ್ಧೆಯಿಂದ ಅರಿತುಕೊಂಡಳು. ಪತಿಗೆ ಗೃಹಿಣಿಯೂ ಆಲೋಚನೆ ಹೇಳುವ ಸಚಿವೆಯೂ ಆದಳು.

ಆದರೆ ಆ ಸುಖವು ಬಹುಕಾಲ ಉಳಿಯಲಿಲ್ಲ. ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಅರಸನು ಸಿಕ್ಕಿದನು. ಭರಮೆ ಮಾವುತನೆಂಬವನು ಅವನ ಬುದ್ಧಿಯನ್ನು ತನ್ನ ವಶಮಾಡಿಕೊಂಡನು. ಅರಸನು ಅರಮನೆಯನ್ನು ತೊರೆದನು. ದೇಹವು ಕೃಶವಾಯಿತು, ಚಿತ್ತವು ಕೆಟ್ಟಿತು. ಹೀಗೆ ತಿರಸ್ಕೃತಳಾದ ಸತಿಗೆ ಕೋಪ ಬಂದಿದ್ದರೆ ಲೋಕವು ಆಕೆಯನ್ನು ನಿಂದಿಸುತ್ತಿರಲಿಲ್ಲ. ಚೆನ್ನಮ್ಮಾಜಿಯಾದರೋ ಪತಿಯಲ್ಲಿ ಅಪರಾಧಿಯನ್ನು ಕಾಣದೆ ರೋಗಿಯನ್ನು ಕಂಡಳು. ರಾಣಿಯೆಂಬ ಅಭಿಮಾನವನ್ನು ಬದಿಗಿಟ್ಟು ಆ ನರ್ತಕಿಯ ಮನೆಗೆ ತಾನೇ ಹೋಗಿ, ಹಿಂದಿರುಗುವಂತೆ ಗಂಡನನ್ನು ಬೇಡಿಕೊಂಡಳೆಂದು ಜನರು ಇಂದಿಗೂ ಹೇಳುತ್ತಾರೆ. ಆಕೆಯ ಬೇಡಿಕೆಯು ಫಲಿಸಲಿಲ್ಲ. ಆದರೆ ಆಕೆಯ ಪ್ರೀತಿಯು ಫಲವನ್ನು ನೋಡಿ ಹುಟ್ಟಿದ್ದಲ್ಲ.

ಅರಸನ ದುಃಸ್ಥಿತಿಯನ್ನು ಕೇಳಿ ಬಿಜಾಪುರದ ಸುಲ್ತಾನನ ಸೈನ್ಯವು ಬಿದನೂರಿನ ಮೇಲೆ ಏರಿಬಂದಿತು. ಆ ಸಂಕಟದ ನಡುವೆಯೇ ಸೋಮಶೇಖರ ನಾಯಕನು ಪಿತೂರಿಗಾರರಿಂದ ಹತನಾದನು. ಸಂತಾನವಿಲ್ಲ, ಪತಿಯಿಲ್ಲ, ಹೊರಗೆ ಶತ್ರುಸೈನ್ಯ. ಚೆನ್ನಮ್ಮಾಜಿ ಶೋಕವನ್ನು ನುಂಗಿಕೊಂಡು, ಭಂಡಾರವನ್ನು ಸಾಗಿಸಿ, ತೀರ್ಥಹಳ್ಳಿ ಸೀಮೆಯ ದಟ್ಟಡವಿಯ ನಡುವಣ ಭುವನಗಿರಿದುರ್ಗವನ್ನು, ಎಂದರೆ ಕವಲೇದುರ್ಗವನ್ನು, ಸೇರಿದಳು. ತಿಮ್ಮಣ್ಣ ನಾಯಕನೇ ಮೊದಲಾದ ಸ್ವಾಮಿನಿಷ್ಠರು ಒಟ್ಟುಗೂಡಿದರು. ಇಕ್ಕಟ್ಟಾದ ಕಾಡುದಾರಿಗಳಲ್ಲಿ ಶತ್ರುವು ಸೋತು ಹಿಮ್ಮೆಟ್ಟಿದನು. ಪತಿಯ ಚಿತೆಯನ್ನೇರದೆ ಪತಿಯ ಪ್ರಜೆಗಳನ್ನು ಕಾಯುವುದೇ ತನ್ನ ಸತೀಧರ್ಮವೆಂದು ಆಕೆ ಬಗೆದಳು.

1671ರ ಸುಮಾರಿಗೆ ಪಟ್ಟವನ್ನೇರಿದ ಆಕೆ ಇಪ್ಪತ್ತೈದು ವರ್ಷ ರಾಜ್ಯವಾಳಿದಳು. ಮರಿಯಪ್ಪಶೆಟ್ಟಿ ಎಂದೂ ಮಾರ್ಕಪ್ಪಶೆಟ್ಟಿ ಎಂದೂ ಕರೆಯಲ್ಪಡುವ ವರ್ತಕನ ಮಗನಾದ ಬಸಪ್ಪನನ್ನು ದತ್ತು ಪಡೆದು, ಹೆತ್ತ ತಾಯಿಯಂತೆ ಸಾಕಿ, ವಿದ್ಯೆ ಕಲಿಸಿದಳು. ಆ ಬಾಲಕನೇ ಮುಂದೆ ಶಿವತತ್ವರತ್ನಾಕರವೆಂಬ ಸಂಸ್ಕೃತದ ಮಹಾಗ್ರಂಥವನ್ನು ರಚಿಸಿದ ಬಸವಪ್ಪ ನಾಯಕ. ಆಕೆಯ ಕಾಲದಲ್ಲಿ ಕರಾವಳಿಯ ಮೆಣಸು, ಅಕ್ಕಿಗಳ ವ್ಯಾಪಾರವು ನಡೆಯುತ್ತಿತ್ತು. ಪೋರ್ಚುಗೀಸರಿಗೆ ಹೊನ್ನಾವರ, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಪರಧರ್ಮೀಯರ ಪೂಜಾಸ್ಥಾನಕ್ಕೂ ಆಕೆಯ ರಾಜ್ಯದಲ್ಲಿ ಎಡೆಯಿತ್ತು.

ಆಕೆಯ ದಯೆಗೆ ನಿಜವಾದ ಪರೀಕ್ಷೆಯು ಬಂದುದು 1689ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಮೊಗಲ ಚಕ್ರವರ್ತಿ ಔರಂಗಜೇಬನು ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಚಿತ್ರಹಿಂಸೆಗೊಳಿಸಿ ಕೊಲ್ಲಿಸಿದನು. ಕಿರಿಯ ಮಗ ರಾಜಾರಾಮನು ರಾಯಗಡದಿಂದ ಪಾರಾಗಿ, ವೇಷ ಮರೆಸಿಕೊಂಡು, ದೂರದ ಜಿಂಜಿಯ ಕೋಟೆಯನ್ನು ಸೇರಲು ದಕ್ಷಿಣಕ್ಕೆ ಹೊರಟನು. ದಾರಿಯಲ್ಲಿ ಬಿದನೂರಿನ ರಾಣಿಯ ರಕ್ಷಣೆಯನ್ನು ಬೇಡಿದನು. ಅವನಿಗೆ ನೆಲೆಕೊಟ್ಟರೆ ಭಾರತದ ಮಹಾಬಲಶಾಲಿಯಾದ ಚಕ್ರವರ್ತಿಯ ವೈರವನ್ನು ಕಟ್ಟಿಕೊಂಡಂತೆ. ಹಿಡಿದೊಪ್ಪಿಸಿದರೆ ರಾಜ್ಯಕ್ಕೆ ಕ್ಷೇಮ, ಬಹುಮಾನವೂ ನಿಶ್ಚಯ. ಲಾಭನಷ್ಟದ ಲೆಕ್ಕವು ವರ್ತಕನ ಮಗಳಿಗೆ ತಿಳಿಯದುದೇನಲ್ಲ. ಆದರೆ ಶರಣಾಗತನನ್ನು ಮಾರಿ ಗಳಿಸಿದುದು ಲಾಭವಲ್ಲವೆಂದು ಆಕೆ ನಿರ್ಧರಿಸಿದಳು. ರಾಜಾರಾಮನನ್ನು ಆದರಿಸಿ, ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದಳು. ಅದೇ ವರ್ಷದ ನವೆಂಬರಿನ ವೇಳೆಗೆ ಅವನು ಜಿಂಜಿಯನ್ನು ತಲುಪಿದನು.

ನಿರೀಕ್ಷಿಸಿದಂತೆ ಮೊಗಲ ಸೈನ್ಯವು ಜಾನ್‌ನಿಸಾರ್ ಖಾನನ ನಾಯಕತ್ವದಲ್ಲಿ ಕೆಳದಿಯ ರಾಜ್ಯದ ಮೇಲೆ ಬಂದಿತು. ಚೆನ್ನಮ್ಮಾಜಿ ಕೊಟ್ಟ ಮಾತಿಗಾಗಿ ಪಶ್ಚಾತ್ತಾಪಪಡಲಿಲ್ಲ. ಮಲೆನಾಡಿನ ಯೋಧರು ಕಾದಿದರು. ಮರಾಠರ ಸಂತಾಜಿ ಘೋರ್ಪಡೆಯು ನೆರವಾದನು. ಕಡೆಗೆ ಸಂಧಿಯಾಗಿ ರಾಜ್ಯವು ಉಳಿಯಿತು. ಅಭಯದಾನಕ್ಕೆ ಧೈರ್ಯವೇ ಬುನಾದಿ. ಅಂಜಿದವನು ಅನ್ಯರ ಅಂಜಿಕೆಯನ್ನು ಕಳೆಯಲಾರನು.

1697ರ ಸುಮಾರಿಗೆ ಚೆನ್ನಮ್ಮಾಜಿ ಕಾಲವಶಳಾದಳು. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯು ಆಕೆಯ ಹೆಸರನ್ನೇ ಹೊತ್ತು ನಿಂತಿದೆ. ಸಾಗರ ಸೀಮೆಯ ಕೆಳದಿ, ಹೊಸನಗರ ಸೀಮೆಯ ಬಿದನೂರು, ತೀರ್ಥಹಳ್ಳಿ ಸೀಮೆಯ ಕವಲೇದುರ್ಗ, ಈ ಮೂರೂ ಸ್ಥಳಗಳು ಆಕೆಯ ಬಾಳಿನ ಮೂರು ಘಟ್ಟಗಳಿಗೆ ಸಾಕ್ಷಿಯಾಗಿವೆ.

ದಾರಿತಪ್ಪಿದ ಗಂಡನ ವಿಷಯದಲ್ಲಿ ತೋರಿದ ತಾಳ್ಮೆಯೂ, ನೆಲೆತಪ್ಪಿದ ರಾಜಕುಮಾರನಿಗೆ ಕೊಟ್ಟ ಆಶ್ರಯವೂ ಬೇರೆಬೇರೆಯಲ್ಲ. ಮನೆಯಲ್ಲಿ ಹಚ್ಚಿದ ದೀಪದ ಬೆಳಕೇ ಬೀದಿಗೂ ಬಿದ್ದಿತು. ಸ್ವಂತ ಸಂಸಾರದಲ್ಲಿ ಕ್ಷಮೆಯನ್ನು ಅಭ್ಯಾಸಮಾಡಿದವರೇ ಲೋಕಕ್ಕೆ ದಯೆಯನ್ನು ಹಂಚಬಲ್ಲರೆಂಬುದನ್ನು ಈ ಮಹಾಸತಿಯ ಚರಿತ್ರೆಯು ಸಾರುತ್ತಿದೆ.